ಹಳ್ಳದ ದಡದಲ್ಲಿ ನಾನು ಕಿತ್ತ ಗೂಟಗಳು

ನನ್ನ ಮೊಮ್ಮಗಳು ಹನ್ನೊಂದು ವರ್ಷಕ್ಕೇ ಒಂದು ಮರದ ಪರವಾಗಿ ಸಭೆಯಲ್ಲಿ ಎದ್ದು ನಿಂತು ಮಾತಾಡಿದವಳು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೈ ಮುಂದಕ್ಕೆ ಓಡುವುದಿಲ್ಲ. ಅವಳು ಹೇಳಿದ್ದು ನನಗೆ ಪೂರ್ತಿ ತಿಳಿಯಲಿಲ್ಲ, ಎಲ್ಲ ಇಂಗ್ಲಿಷು. ಆದರೆ ಕೂತಿದ್ದವರೆಲ್ಲ ಫೋನು ಕೆಳಗಿಟ್ಟು ಕೇಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಆಚೆ ಈಚೆಯವರಿಗೆಲ್ಲ “ಗ್ರ್ಯಾಂಡ್ ಡಾಟರ್, ಗ್ರ್ಯಾಂಡ್ ಡಾಟರ್” ಎಂದು ಎದೆ ಮುಟ್ಟಿ ತೋರಿಸುತ್ತಿದ್ದೆ. ನನ್ನ ಹೆಂಡತಿ ತೊಡೆ ಚಿವುಟಿದಳು.

“ಸಾಕು ಸುಮ್ಕಿರಿ. ಊರಿಗೆಲ್ಲ ಗೊತ್ತಾಯ್ತು.”

ಅಂಥ ಮಗು ಮಾಡಿದ ಕೆಲಸವನ್ನು ಹದಿನೈದು ದಿನ ಕಳೆಯುವುದರೊಳಗೆ ಕೈಯಾರೆ ಕಿತ್ತು ಹಾಕಿದವನು ನಾನು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ರೇಗುತ್ತದೆ. ರೇಗುತ್ತಲೇ ಬರೆಯುತ್ತಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮಂಡ್ಯದ ಕಡೆ ಒಂದು ಕೆರೆಗೆ ನೀರಗಂಟಿಯಾಗಿದ್ದೆ. ನಮ್ಮಪ್ಪನೂ ಅವರಪ್ಪನೂ ಅದೇ ಕೆಲಸ ಮಾಡಿದವರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವುದು, ಕಾಲುವೆಯಲ್ಲಿ ಕಸ ಕಟ್ಟಿಕೊಂಡರೆ ಗುದ್ದಲಿ ಹಿಡಿದು ಇಳಿಯುವುದು. ನೀರಿನ ವಿಷಯ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಆ ಜಂಬ ವಿಮಾನದಲ್ಲಿ ನನ್ನ ಜೊತೆಗೇ ಬಂತು.

ಮಗಳ ಮನೆ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಆರು ತಿಂಗಳಿಗೆಂದು ನಾನೂ ಹೆಂಡತಿಯೂ ಹೋಗಿದ್ದೆವು. ಮನೆಗಳ ಸಾಲಿನ ಹಿಂದೆ ಒಂದು ಹಳ್ಳ ಹರಿಯುತ್ತಿತ್ತು. ಅವರು ಕ್ರೀಕ್ ಅನ್ನುತ್ತಾರೆ. ಮೊಣಕಾಲುದ್ದ ನೀರು, ಬಿಳಿ ಸುಣ್ಣದ ಕಲ್ಲು, ಅಲ್ಲಲ್ಲಿ ಆಮೆ. ಜೊತೆಗೆ ಪ್ಲಾಸ್ಟಿಕ್ ಚೀಲ, ಬಾಟಲಿ, ಒಂದು ಕಾರಿನ ಟೈರು. ಇಷ್ಟು ದುಡ್ಡಿರುವ ದೇಶದಲ್ಲೂ ಹಳ್ಳದ ಹಣೆಬರಹ ಇಷ್ಟೇನಾ ಎಂದು ಮೊದಲ ದಿನವೇ ಹೊಟ್ಟೆ ಉರಿಯಿತು.

ಶನಿವಾರ ಬೆಳಿಗ್ಗೆ ಅಲ್ಲಿಯ ಕೆಲವರು ಸೇರಿ ಹಳ್ಳ ಶುಚಿ ಮಾಡುತ್ತಿದ್ದರು. ಮೊಮ್ಮಗಳೂ ಆ ಗುಂಪಿನಲ್ಲಿದ್ದಳು. ಗುಂಪನ್ನು ನಡೆಸುತ್ತಿದ್ದವರು ನನ್ನ ವಯಸ್ಸಿನ ಒಬ್ಬ ಹೆಂಗಸು, ಹಿಂದೆ ಟೀಚರ್ ಆಗಿದ್ದವರಂತೆ. ಯಾವಾಗಲೂ ಅಗಲವಾದ ಹುಲ್ಲಿನ ಟೋಪಿ. ನನ್ನ ಹೆಂಡತಿ ಅವರಿಗೆ ಟೋಪಿಯಮ್ಮ ಎಂದು ಹೆಸರಿಟ್ಟಳು. ಬಲು ಒಳ್ಳೆಯ ಜೀವ. ಆದರೆ ಅವರ ಕೆಲಸದ ರೀತಿ ನೋಡಿ ನನಗೆ ತಲೆ ಕೆಟ್ಟಿತು. ಮೊದಲು ಒಂದು ಫಾರಂಗೆ ಸಹಿ. ಆಮೇಲೆ ಕೈಗವಸು. ಆಮೇಲೆ ಕಸವನ್ನು ಬಗ್ಗದೆ ಎತ್ತುವ ಉದ್ದನೆಯ ಇಕ್ಕಳ. ಆಮೇಲೆ ಎಲ್ಲರೂ ನಿಂತು ಫೋಟೋ. ಇಷ್ಟಾಗುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂತು. ನಮ್ಮ ಕಡೆ ಇಷ್ಟು ಹೊತ್ತಿಗೆ ಅರ್ಧ ಕಾಲುವೆ ಬಳಿದು ಮಜ್ಜಿಗೆ ಕುಡಿಯುತ್ತಿದ್ದೆವು.

ಹಳ್ಳಕ್ಕೆ ಅಡ್ಡವಾಗಿ ಒಂದು ಕೊಂಬೆ ಬಿದ್ದಿತ್ತು. ಇಕ್ಕಳ ಬಿಸಾಕಿ, ಪ್ಯಾಂಟು ಮಡಚಿ, ನೀರಿಗಿಳಿದು ಎಳೆದೆ. ಟೋಪಿಯಮ್ಮ ಎರಡೂ ಕೈ ಎತ್ತಿಕೊಂಡು ಓಡಿ ಬಂದರು.

“ನೋ ನೋ ನೋ, ಸರ್!”

“ಯಾಕವ್ವ, ಏನಾಯ್ತು ಈವಮ್ಮನಿಗೆ?” ಎಂದು ಮೊಮ್ಮಗಳನ್ನು ಕೇಳಿದೆ.

ಅವಳಿಗೆ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು. “ತಾತ, ಲೀವ್ ಇಟ್. ಇಟ್ ಸ್ಲೋಸ್ ದ ವಾಟರ್. ಸ್ಲೋ ಈಸ್ ಗುಡ್.”

“ನೀರು ನಿಧಾನ ಆದ್ರೆ ಒಳ್ಳೇದಾ? ಯಾರು ಹೇಳಿದ್ದು? ನೀರು ಹರೀಬೇಕು ಕಣವ್ವ!”

ಅವಳು ಕೈಯಾಡಿಸಿ, ನಿಧಾನವಾಗಿ, ಚಿಕ್ಕ ಮಗುವಿಗೆ ಹೇಳುವ ಹಾಗೆ ನನಗೆ ಹೇಳಿಕೊಟ್ಟಳು. ಮಳೆ ಬಂದಾಗ ಟಾರು ರಸ್ತೆಗಳ ನೀರೆಲ್ಲ ಒಟ್ಟಿಗೆ ಈ ಹಳ್ಳಕ್ಕೆ ನುಗ್ಗುತ್ತದೆ, ಓಟ ಜಾಸ್ತಿಯಾದರೆ ದಡ ಕೊರೆಯುತ್ತದೆ, ಅದಕ್ಕೇ ಕೊಂಬೆ ಇರಬೇಕು, ಹುಲ್ಲು ಬೆಳೆಯಬೇಕು. ಸರಿ ಎಂದೆ. ಮನಸ್ಸು ಒಪ್ಪಲಿಲ್ಲ. ಬದುಕಿಡೀ ನೀರಿನ ದಾರಿ ಬಿಡಿಸಿದವನಿಗೆ, ದಾರಿ ಕಟ್ಟುವುದೇ ಕೆಲಸ ಎಂದರೆ ಹೇಗೆ ಒಪ್ಪೀತು?

ಇನ್ನು ಆ ಮರ. ಹಳ್ಳ ತಿರುಗುವ ಕಡೆ ದೊಡ್ಡದೊಂದು ಪೆಕಾನ್ ಮರ ಇತ್ತು, ಉದ್ದುದ್ದ ಕಾಯಿ ಬಿಡುತ್ತದೆ, ಒಡೆದರೆ ಒಳಗೆ ಅಕ್ರೋಟಿನಂಥ ತಿರುಳು. ಮೊಮ್ಮಗಳು ಶಾಲೆ ಬಿಟ್ಟ ಮೇಲೆ ಅದರ ಬುಡದಲ್ಲೇ ಕೂತು ಓದುತ್ತಿದ್ದಳು. ದಡ ಕೊರೆದು ಕೊರೆದು ಒಂದು ಪಕ್ಕದ ಬೇರೆಲ್ಲ ಹೊರಗೆ ನೇತಾಡುತ್ತಿತ್ತು. ಮನೆಗಳ ಅಸೋಸಿಯೇಷನ್‌ನವರು, ಮರ ಬಿದ್ದರೆ ಪಕ್ಕದ ಕಾಲುಸೇತುವೆ ಮುರಿಯುತ್ತದೆ, ಕಡಿದು ದಡಕ್ಕೆ ಕಾಂಕ್ರೀಟ್ ಹಾಕೋಣ ಎಂದರು. ಮೊಮ್ಮಗಳು ಸಭೆಯಲ್ಲಿ ಮಾತಾಡಿದ್ದು ಆಗಲೇ. ಅವರು ಕೊನೆಗೆ, ಬೇಸಿಗೆಯವರೆಗೆ ಟೈಮ್ ಕೊಡುತ್ತೇವೆ, ಟೋಪಿಯಮ್ಮನ ಗುಂಪು ಏನಾದರೂ ನೆಟ್ಟು ದಡ ನಿಲ್ಲಿಸಲಿ, ನಿಂತರೆ ಮರ ಇರಲಿ, ಜರಿದರೆ ಕಡಿಯುವುದೇ ಎಂದು ತೀರ್ಮಾನಿಸಿದರು.

ಗಿಡ ನೆಡುವ ಶನಿವಾರ ನಾವು ಊರಲ್ಲಿರಲಿಲ್ಲ. ಹ್ಯೂಸ್ಟನ್‌ನಲ್ಲಿ ಹೆಂಡತಿಯ ತಂಗಿ ಮಗಳ ಮನೆಯಲ್ಲಿ ನಾಮಕರಣ. ಅವಳ ಗಂಡನ ಆಫೀಸು ಎನರ್ಜಿ ಕಾರಿಡಾರ್ ಎಂಬ ಎಣ್ಣೆ ಕಂಪನಿಗಳ ಬಡಾವಣೆಯ ಕಡೆ. ಊಟವಾದ ಮೇಲೆ ಅವನು, “ಬನ್ನಿ ಅಂಕಲ್, ವಾಕ್ ಹೋಗಿ ಬರೋಣ” ಎಂದು ಕಾರಿನಲ್ಲಿ ಕೂರಿಸಿಕೊಂಡು ಹೋದ. ದಾರಿಯಲ್ಲಿ ಒಂದು ಕಡೆ ಹಳ್ಳ ನೋಡಿದೆ. ಹಳ್ಳ ಎಲ್ಲಿ ಬಂತು, ತಳಕ್ಕೂ ಕಾಂಕ್ರೀಟು, ಎರಡೂ ಪಕ್ಕಕ್ಕೂ ಕಾಂಕ್ರೀಟು, ನಡುವೆ ಬೆರಳಗಲ ನೀರು. ಒಂದು ಹುಲ್ಲುಕಡ್ಡಿ ಇಲ್ಲ. ಸ್ನಾನದ ಮನೆಯ ಮೋರಿ ಹಾಗಿತ್ತು. ನಮ್ಮ ಹಳ್ಳಕ್ಕೂ ಇದೇ ಗತಿ ಮಾಡುತ್ತಾರಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದೆ.

ಭಾನುವಾರ ಸಂಜೆ ವಾಪಸು ಬಂದರೆ ಮೊಮ್ಮಗಳು ಕುಣಿಯುತ್ತಿದ್ದಳು. “ತಾತ, ವಿ ಪ್ಲಾಂಟೆಡ್ ದೆಮ್! ಥ್ರೀ ರೋಸ್!” ವಿಲ್ಲೋ ಎಂಬ ಮರವಂತೆ, ನೀರಿನ ದಡದಲ್ಲಿ ಬೆಳೆಯುತ್ತದಂತೆ, ಪೆಕಾನ್ ಮರದ ಬುಡದಲ್ಲಿ ಮೂರು ಸಾಲು ನೆಟ್ಟರಂತೆ. ಅವಳ ಉಗುರಲ್ಲಿ ಇನ್ನೂ ಮಣ್ಣಿತ್ತು. ಆ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡೆ. ನೀರಗಂಟಿಯ ಮೊಮ್ಮಗಳು!

ಸೋಮವಾರ ಅವಳು ಶಾಲೆಗೆ, ಮಗಳು ಅಳಿಯ ಆಫೀಸಿಗೆ ಹೋದರು. ಒಬ್ಬನೇ ಹಳ್ಳಕ್ಕಿಳಿಯಬೇಡ, ಹಾವಿದೆ, ಜಾರುತ್ತೆ ಎಂದು ಮಗಳು ಕಟ್ಟುನಿಟ್ಟು ಮಾಡಿದ್ದಳು. ಆದರೂ ಮೊಮ್ಮಗಳು ನೆಟ್ಟ ಗಿಡ ನೋಡದೆ ಇರಲಾಗಲಿಲ್ಲ. ಇಳಿದೆ.

ಮರದ ಬುಡದಲ್ಲಿ ಒಂದೂ ಗಿಡ ಇರಲಿಲ್ಲ. ಎಲೆ ಎಂಬುದೇ ಇರಲಿಲ್ಲ. ಇದ್ದದ್ದು ಮೂರು ಸಾಲು ಒಣಗೂಟ. ಹೆಬ್ಬೆರಳು ಗಾತ್ರ, ಎರಡೆರಡು ಮೊಳ ಉದ್ದ, ತುದಿಗೆ ಗುಲಾಬಿ ಬಣ್ಣದ ರಿಬ್ಬನ್ನು.

ನನ್ನ ರಕ್ತ ಕುದಿಯಿತು. ಗೂಟ, ಅದಕ್ಕೊಂದು ರಿಬ್ಬನ್ನು ಎಂದರೆ ಏನು ಎಂದು ಕೆರೆ ಕಾಯ್ದವನಿಗೆ ಹೇಳಬೇಕೆ? ನಮ್ಮ ಕೆರೆಯ ಅಂಗಳದಲ್ಲಿ ಲೇಔಟ್ ಮಾಡಲು ಹೊರಟವರು ಮೊದಲು ಮಾಡಿದ್ದೇ ಹೀಗೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗೂಟ, ಬಣ್ಣದ ಬಟ್ಟೆ, ಮರುತಿಂಗಳು ಕಲ್ಲು, ಮರುವರ್ಷ ಮನೆ. ಆಗ ಸುಮ್ಮನಿದ್ದೆವು, ಕೆರೆಯ ಒಂದು ಮೂಲೆಯೇ ಹೋಯಿತು. ಇಲ್ಲಿಯೂ ಅಷ್ಟೇ, ಕಾಂಕ್ರೀಟಿನವರು ಮಕ್ಕಳು ನೆಟ್ಟ ಗಿಡ ಕಿತ್ತೆಸೆದು ಅಳತೆ ಗುರುತು ಹಾಕಿ ಹೋಗಿದ್ದಾರೆ ಎಂದುಕೊಂಡೆ. ಹ್ಯೂಸ್ಟನ್ನಿನ ಮೋರಿ ಕಣ್ಣಿಗೆ ಕಟ್ಟಿತು. ಈ ಸಲ ಸುಮ್ಮನಿರಬಾರದು ಎಂದು ಸೊಂಟಕ್ಕೆ ಟವೆಲ್ ಬಿಗಿದು ಒಂದೊಂದೇ ಕಿತ್ತೆ. ಮೂರು ಸಾಲೂ ಕಿತ್ತೆ. ಗಟ್ಟಿಯಾಗಿ ಹೊಡೆದಿದ್ದರು, ಅಂಗೈ ಬೊಬ್ಬೆ ಬಂತು. ರಿಬ್ಬನ್ನು ಬಿಚ್ಚಿ ಕಸದ ಡಬ್ಬಿಗೆ ಹಾಕಿ, ಗೂಟದ ಹೊರೆ ಹೊತ್ತು ಮನೆಗೆ ಬಂದೆ. ನಲವತ್ತು ವರ್ಷದಲ್ಲಿ ಅಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

“ಇದೇನ್ರೀ ಸೌದೆ?” ಎಂದಳು ಹೆಂಡತಿ.

ಹೇಳಿದೆ. ಅವಳಿಗೂ ನನ್ನಷ್ಟೇ ಕೋಪ ಬಂತು. ಆದರೆ ಅವಳು ಲೆಕ್ಕಾಚಾರದವಳು. “ಮಗಳಿಗೆ ಹೇಳ್ಬೇಡಿ. ಹಳ್ಳಕ್ಕೆ ಇಳಿದಿದ್ದು ಗೊತ್ತಾದ್ರೆ ಮನೆಯೊಳಗೆ ಕೂಡಿ ಹಾಕ್ತಾಳೆ. ಕಡ್ಡಿ ಒಳ್ಳೇವಾಗಿದಾವೆ, ನನ್ನ ಬಟಾಣಿ ಬಳ್ಳಿಗೆ ಊರುಗೋಲು ಆಯ್ತು.” ಅಂಗಡಿಯ ಬಟಾಣಿಯನ್ನೇ ನೆನೆಸಿ ಹಿತ್ತಲಲ್ಲಿ ಊರಿದ್ದಳು. ಗೂಟಗಳ ಒಂದು ತುದಿಯನ್ನು ಓರೆಯಾಗಿ ಚೂಪು ಮಾಡಿದ್ದರು. ಆ ತುದಿಯನ್ನೇ ಪಾತಿಗೆ ಇಳಿಸಿದೆ. ದಿನಾ ಬೆಳಿಗ್ಗೆ ಬಟಾಣಿಗೆ ನೀರು ಹಾಕುವವನೂ ನಾನೇ.

ಆ ಶನಿವಾರ ಮೊಮ್ಮಗಳು ಹಳ್ಳಕ್ಕೆ ಹೋಗಿ ಅಳುತ್ತಾ ಓಡಿ ಬಂದಳು. “ಸಂಬಡಿ ಪುಲ್ಡ್ ದೆಮ್ ಔಟ್! ಆಲ್ ಆಫ್ ದೆಮ್!”

ಯಾರೋ ಕಿತ್ತಿದ್ದಾರೆ! ನನಗೂ ಗೊತ್ತು ಕಂದ, ನಾನು ಆಗಲೇ ಅವರ ಗೂಟ ಕಿತ್ತು ಸೇಡು ತೀರಿಸಿಕೊಂಡಿದ್ದೇನೆ ಎಂದು ಬಾಯಿ ತುದಿಗೆ ಬಂತು. ಹೆಂಡತಿ ಸಾರಿನ ಸೌಟು ಹಿಡಿದು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ನುಂಗಿಕೊಂಡೆ. ಮಗುವನ್ನು ತಬ್ಬಿಕೊಂಡು, “ಪಾಪಿಗಳು ಕಣವ್ವ, ಅವರ ಕೈ ಸೇದಿಹೋಗ” ಎಂದು ಶಪಿಸಿದೆ. ನನ್ನನ್ನೇ ಶಪಿಸಿಕೊಂಡೆ ಎಂದು ಆಗ ಏನು ಗೊತ್ತು.

ಟೋಪಿಯಮ್ಮನ ಗುಂಪಿನವರಿಗೆ ಹುಲ್ಲು ಕತ್ತರಿಸುವವನ ಮೇಲೆ ಅನುಮಾನ. ಅಸೋಸಿಯೇಷನ್‌ನಿಂದ ಬರುತ್ತಿದ್ದ ಅವನು ಕೂತು ಓಡಿಸುವ ಮೆಷಿನ್ನಿನಲ್ಲಿ ನೀರಿನ ಅಂಚಿನವರೆಗೆ ಸವರುತ್ತಿದ್ದ. ಗುಂಪು ನೆಟ್ಟಿದ್ದ ಬೋರ್ಡನ್ನೇ ಒಂದು ಸಲ ಉರುಳಿಸಿದ್ದ. ಸ್ಪ್ಯಾನಿಷ್ ಮಾತಾಡುವ ಮನುಷ್ಯ. ನನ್ನ ಹಾಗೇ ಇಂಗ್ಲಿಷು ಬಾರದವನು. ಅವನ ಮೇಲೆ ದೂರು ಹೋಯಿತು. ಅವನು ಬರುವುದು ನಿಂತಿತು.

ಮೂರು ವಾರವಾಗಿತ್ತು. ಒಂದು ಬೆಳಿಗ್ಗೆ ಪೈಪು ಹಿಡಿದು ಹಿತ್ತಲಿಗೆ ಹೋದೆ. ಬಟಾಣಿ ಬಳ್ಳಿ ಗೂಟಕ್ಕೆ ಒಂದು ಸುತ್ತು ಹಾಕಿತ್ತು. ಆದರೆ ಬಳ್ಳಿ ಇನ್ನೂ ಮುಟ್ಟದ ಮೇಲಿನ ತುದಿಯಲ್ಲಿ ಹಸಿರು ಕಂಡಿತು. ಕನ್ನಡಕ ಒರೆಸಿ ನೋಡಿದೆ. ಚಿಗುರು. ಪಕ್ಕದ ಗೂಟದಲ್ಲಿ ಚಿಗುರು. ಅದರಾಚೆಯದರಲ್ಲಿ ಭತ್ತದ ಕಾಳಿನಷ್ಟು ಎಲೆ.

ಪೈಪು ಕೈಯಿಂದ ಬಿತ್ತು. ಕಾಲುವೆ ಏರಿ ಜರಿಯದಿರಲಿ ಎಂದು ಲಕ್ಕಿಗಿಡದ ಕಡ್ಡಿ ಕಡಿದು, ಓರೆಯಾಗಿ ಚೂಪು ಮಾಡಿ, ಸಾಲಾಗಿ ಚುಚ್ಚಿದವನು ನಾನು! ನಮ್ಮಪ್ಪ ಚುಚ್ಚಿದ್ದ, ನಾನು ಚುಚ್ಚಿದ್ದೆ. ಎಲೆ ಇಲ್ಲದ ಕಡ್ಡಿ ನೀರು ಕಂಡರೆ ಚಿಗುರುತ್ತದೆ ಎಂದು ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ಹುಲ್ಲಿನ ಮೆಷಿನ್ನಿಗೆ ಸಿಗದಿರಲಿ ಎಂದು ಮಕ್ಕಳು ಕಟ್ಟಿದ್ದ ಆ ಹಾಳು ರಿಬ್ಬನ್ನು ನನ್ನ ಕಣ್ಣು ಕಟ್ಟಿತು. ಅಲ್ಲೇ ಪಾತಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ಹೆಂಡತಿ ಬಂದು ನೋಡಿದಳು. “ತೂಬು ಬಿಟ್ಟು ಇಷ್ಟು ದೂರ ಬಂದ್ರೂ ನಿಮ್ಮ ನೀರಗಂಟಿತನ ನಿಮ್ಮನ್ನ ಬಿಡ್ಲಿಲ್ಲ” ಎಂದಳು.

“ನೀನೇ ತಾನೆ ಊರುಗೋಲು ಮಾಡು ಅಂದಿದ್ದು?”

“ಕಿತ್ಕೊಂಡು ಬಾ ಅಂದಿದ್ನಾ?”

ಸಂಜೆ ಮೊಮ್ಮಗಳು ಬಂದ ಕೂಡಲೇ ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ. ತೋರಿಸಿದೆ. ಅವಳು ಎಲೆ ಮುಟ್ಟಿದಳು, ನನ್ನ ಮುಖ ನೋಡಿದಳು.

“ತಾತ... ಯೂ?”

“ಹೂಂ ಕಣವ್ವ. ನಾನೇ.”

ಕೂಗಾಡಿದ್ದರೆ ಚೆನ್ನಾಗಿತ್ತು. ಬ್ಯಾಗನ್ನು ಅಲ್ಲೇ ಹಾಕಿ ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮಗಳು ಮಾತ್ರ ಎರಡು ದಿನವೂ ಮಾತಾಡಿದಳು. “ಅಪ್ಪ, ಕಾಲು ಜಾರಿ ಬಿದ್ದಿದ್ರೆ ಏನ್ ಮಾಡ್ತಿದ್ದೆ? ಯಾರಾದ್ರೂ ಪೊಲೀಸಿಗೆ ಫೋನ್ ಮಾಡಿದ್ರೆ? ಏನಂತ ಹೇಳ್ತಿದ್ದೆ, ನಾನು ಮಂಡ್ಯದ ನೀರಗಂಟಿ ಅಂತಾನಾ?” ಬೈಸಿಕೊಂಡೆ. ಮೂರನೇ ದಿನ ಮೊಮ್ಮಗಳ ಮುಂದೆ ಒಂದು ಹಾಳೆ ಇಟ್ಟು ಚಿತ್ರ ಬರೆದೆ. ಕೆರೆ, ಏರಿ, ತೂಬು, ಅಂಗಳದಲ್ಲಿ ಗೂಟ, ಗೂಟಕ್ಕೆ ಬಟ್ಟೆ, ಆಮೇಲೆ ಮನೆಗಳು. ಕೆರೆಯ ಹೋದ ಮೂಲೆಯನ್ನು ಪೆನ್ಸಿಲ್ಲಿನಿಂದ ಕಪ್ಪು ಮಾಡಿ ತೋರಿಸಿದೆ. ಅವಳು ಆ ಕಪ್ಪು ಮೂಲೆಯ ಮೇಲೆ ಬೆರಳಿಟ್ಟಳು.

“ಸೋ ಯೂ ಥಾಟ್ ವಿ ವರ್ ದ ಬ್ಯಾಡ್ ಗೈಸ್?” ಎಂದಳು. ತುಟಿಯಂಚಿನಲ್ಲಿ ನಗು ಬಂದಿತ್ತು. ಬದುಕಿದೆ.

ಆದರೆ ಹುಲ್ಲು ಕತ್ತರಿಸುವವನ ತಲೆಗೆ ಬಂದದ್ದು ಇಳಿಯಬೇಕಲ್ಲ. ಅಸೋಸಿಯೇಷನ್ ಸಭೆಗೆ ಹೋಗಿ ನಾನೇ ಎದ್ದು ನಿಂತೆ. ನಾನು ಒಂದು ಮಾತು ಕನ್ನಡದಲ್ಲಿ ಹೇಳಿದರೆ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ‘ಗೂಟ ಕಿತ್ತವನು ನಾನು, ಆ ಮನುಷ್ಯನಲ್ಲ, ಅವನ ಕೆಲಸ ಅವನಿಗೆ ಕೊಡಿ’ ಎಂದೆ. ಬಟಾಣಿ ಬಳ್ಳಿಯ ವಿಷಯವನ್ನು ನಾನು ಹೇಳಲೇ ಇಲ್ಲ, ಅವಳಾಗಿಯೇ ಸೇರಿಸಿದಳು. ಸಭೆಯೆಲ್ಲ ನಕ್ಕಿತು. ಟೋಪಿಯಮ್ಮ ಟೋಪಿ ತೆಗೆದು ಮುಖ ಮುಚ್ಚಿಕೊಂಡು ನಕ್ಕರು. ಮರುವಾರ ಮೆಷಿನ್ ಸದ್ದು ಕೇಳಿ ಹೊರಗೆ ಓಡಿದೆ. ಅವನು ನನ್ನನ್ನು ನೋಡಿ ಮೆಷಿನ್ ನಿಲ್ಲಿಸಿ, ಗಾಳಿಯಲ್ಲಿ ಗೂಟ ಕೀಳುವ ಹಾಗೆ ಕೈ ಮಾಡಿ ತೋರಿಸಿ ಜೋರಾಗಿ ನಕ್ಕ. ಟೋಪಿಯಮ್ಮನೂ ಅವನ ಕೈ ಕುಲುಕಿ ತಪ್ಪಾಯಿತು ಎಂದರು. ಅಷ್ಟಾದರೂ ಅವನು ಸೇತುವೆಯ ಕೆಳಗಡೆಯ ದಡವನ್ನು ನೀರಿನವರೆಗೂ ನುಣ್ಣಗೆ ಬೋಳಿಸುವುದನ್ನು ಬಿಡಲಿಲ್ಲ. ಅಸೋಸಿಯೇಷನ್‌ನವರು ಹಾಗೆ ಮಾಡೆಂದೇ ಅವನಿಗೆ ಹೇಳಿದ್ದರಂತೆ. ನೋಡಿ ನೋಡಿ ಹಲ್ಲು ಕಡಿದೆ.

ಚಿಗುರಿದ ಗೂಟಗಳನ್ನು ಬೇರಿನ ಮಣ್ಣು ಸಮೇತ ಅಗೆದು ಮತ್ತೆ ಮೂರು ಸಾಲು ನೆಟ್ಟೆವು. ಆದರೆ ಹೊತ್ತು ಮೀರಿತ್ತು. ಚಳಿಯಲ್ಲಿ ನೆಟ್ಟಿದ್ದು ಹಾಗೇ ಇದ್ದಿದ್ದರೆ ಇಷ್ಟರಲ್ಲಿ ಬೇರು ಕಚ್ಚಿರುತ್ತಿತ್ತು. ಈಗ ಬಿಸಿಲು ಏರುತ್ತಿತ್ತು. ಮಗಳ ಅಪ್ಪಣೆ ಪಡೆದು, ಮೊಮ್ಮಗಳನ್ನು ಕಾವಲಿಗಿಟ್ಟುಕೊಂಡು, ದಿನಾ ಸಂಜೆ ಹಳ್ಳದಿಂದ ಬಕೆಟ್ಟಿನಲ್ಲಿ ನೀರು ಮೊಗೆದು ಹಾಕಿದೆ. ನೀರಿನ ಅಂಚಿನ ಸಾಲು ಸಡಿಲವಾಗಿದೆ, ಅದರ ಮುಂದೆ ಬರಲಿನಿಂದ, ಅಂದರೆ ಸಣ್ಣ ಕೊಂಬೆಗಳಿಂದ, ತಡಿಕೆ ಹೆಣೆದು ನಿಲ್ಲಿಸಿದರೆ ಮೊದಲ ನೆರೆ ತಡೆಯುತ್ತದೆ ಎಂದು ಹೇಳಿದೆ. ನಾಲ್ಕು ಕಡ್ಡಿ ಹೆಣೆದೂ ತೋರಿಸಿದೆ. ಟೋಪಿಯಮ್ಮನಿಗೆ ಬಲು ಇಷ್ಟವಾಯಿತು. ಫೋಟೋ ತೆಗೆದರು. ಆಮೇಲೆ, ಹಳ್ಳದೊಳಗೆ ಏನು ಕಟ್ಟಬೇಕಾದರೂ ಸಿಟಿಯವರ ಪರ್ಮಿಷನ್ ಬೇಕು, ಇಮೇಲ್ ಹಾಕಿದ್ದೇನೆ ಎಂದರು.

ದಿನಾ ಮೊಮ್ಮಗಳನ್ನು ಕೇಳುತ್ತಿದ್ದೆ. “ಮೇಲ್ ಬಂತಾ ಅವ್ವ?”

“ನಾಟ್ ಯೆಟ್, ತಾತ.”

ಒಂದು ವಾರ ನಾಟ್ ಯೆಟ್. ಎರಡು ವಾರ ನಾಟ್ ಯೆಟ್. ಒಂದು ಮಧ್ಯಾಹ್ನದ ಕೆಲಸ ಅದು! ಬರಲು ಇದೆ, ಕೈ ಇದೆ, ಮೋಡ ಕಟ್ಟುತ್ತಿದೆ, ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಒಂದು ಕಾಗದಕ್ಕೆ ಕಾಯುತ್ತಿದ್ದೇನೆ. ಒಂದು ಸಲ ಕತ್ತಿ ಎತ್ತಿಕೊಂಡು ಹೊರಟೂಬಿಟ್ಟೆ. ಬಾಗಿಲಲ್ಲಿ ಹೆಂಡತಿ ಅಡ್ಡ ನಿಂತಳು. “ಇನ್ನೊಂದು ಸಲ ಆ ಮಗು ಅಳೋದು ನೋಡ್ಬೇಕಾ?” ಕತ್ತಿ ಇಟ್ಟೆ.

ಮೇ ತಿಂಗಳಲ್ಲಿ ಮಳೆ ಹಿಡಿಯಿತು. ಸುರಿಯಿತು ಎಂದರೆ ಸಾಲದು, ಆಕಾಶವೇ ತೂಬು ಕಿತ್ತುಕೊಂಡ ಹಾಗೆ. ಮೂರನೇ ದಿನ ಬೆಳಿಗ್ಗೆ ಬಿಟ್ಟಾಗ ಮೊಮ್ಮಗಳೂ ನಾನೂ ಕಾಲುಸೇತುವೆಗೆ ಓಡಿದೆವು. ಕೆಂಪು ನೀರು ಇನ್ನೂ ಮೊರೆಯುತ್ತಿತ್ತು. ಅಂಚಿನ ಸಾಲು ಪೂರ್ತಿ ಹೋಗಿತ್ತು, ಒಂದು ಗೂಟ ಉಳಿದಿರಲಿಲ್ಲ. ನಾನು ಕೀಳದೆ ಇದ್ದಿದ್ದರೆ ನಿಲ್ಲುತ್ತಿತ್ತೋ ಏನೋ. ತಡಿಕೆ ಇದ್ದಿದ್ದರೂ ನಿಲ್ಲುತ್ತಿತ್ತೋ ಏನೋ. ಮೇಲಿನ ಎರಡು ಸಾಲು ಮಾತ್ರ ಬಾಗಿ, ಕೆಸರು ಮೆತ್ತಿಕೊಂಡು, ನಿಂತಿತ್ತು. ಅದರ ಹಿಂದೆ ಮಣ್ಣಿತ್ತು. ಮಣ್ಣಿನ ಹಿಂದೆ ಮರ ಇತ್ತು! ಸೇತುವೆಯ ಆಚೆ ಬೋಳಿಸಿದ ದಡ ಮುದ್ದೆ ಮುರಿದಂತೆ ಮುರಿದು ಬಿದ್ದಿತ್ತು. ಮೊಮ್ಮಗಳು ನನ್ನ ತೋಳು ಹಿಡಿದು ಜಿಗಿದಳು, ನಾನೂ ಜಿಗಿದೆ. ಎಪ್ಪತ್ತರ ಹತ್ತಿರದವನು ಸೇತುವೆಯ ಮೇಲೆ ಜಿಗಿಯುವುದನ್ನು ನಾಯಿ ಹಿಡಿದುಕೊಂಡು ಹೋಗುತ್ತಿದ್ದವರು ನಿಂತು ನೋಡಿದರು.

ಅಸೋಸಿಯೇಷನ್‌ನವರೂ ಬಂದು ನೋಡಿದರು. ಈ ವರ್ಷ ಕಡಿಯುವುದಿಲ್ಲ, ಬರುವ ವರ್ಷ ಮತ್ತೆ ನೋಡೋಣ ಎಂದರು. ಕಣ್ಣೆದುರಿಗೆ ಒಂದು ಕಡೆ ದಡ ನಿಂತಿದೆ, ಒಂದು ಕಡೆ ಬಿದ್ದಿದೆ, ಇನ್ನೇನು ನೋಡಬೇಕಪ್ಪ ಇವರಿಗೆ? ಸಿಟಿಯವರ ಮೇಲ್ ನಾವು ಹೊರಡುವ ಹಿಂದಿನ ದಿನ ಬಂತು. ಬೇಸಿಗೆ ಕಳೆದ ಮೇಲೆ ಒಬ್ಬರು ಜಾಗ ನೋಡಲು ಬರುತ್ತಾರಂತೆ.

ಆ ಸಂಜೆ ಕೊನೆಯ ಸಲ ಹಳ್ಳಕ್ಕೆ ಹೋದೆವು. ಗೂಟಗಳು ಈಗ ಗೂಟಗಳಾಗಿರಲಿಲ್ಲ, ಮೊಮ್ಮಗಳ ಸೊಂಟದವರೆಗೆ ಉದ್ದ ಎಲೆ ಬಿಟ್ಟು ಬಾಗಿದ್ದವು. ಎರಡನೇ ಸಾಲಿನಲ್ಲಿ ಒಂದು ನೆರೆಯ ಹೊಡೆತಕ್ಕೆ ಪೂರ್ತಿ ವಾಲಿತ್ತು. ಸ್ವಲ್ಪ ನೆಟ್ಟಗೆ ಮಾಡಿ ಬುಡ ಒತ್ತೋಣ ಎಂದು ಬಗ್ಗಿ ಕೈ ಹಾಕಿದೆ, ಅಷ್ಟೇ.

“ತಾತಾ! ಕೀಳ್ಬೇಡ!”

ಸೇತುವೆಯ ಮೇಲಿನವರು ತಿರುಗಿ ನೋಡುವಷ್ಟು ಜೋರು. ಅಚ್ಚ ಕನ್ನಡ. ಸೊಂಟಕ್ಕೆ ಕೈಕೊಟ್ಟು, ಹುಬ್ಬು ಗಂಟು ಹಾಕಿ, ನಮ್ಮಪ್ಪ ಕದ್ದು ನೀರು ತಿರುಗಿಸುವವರನ್ನು ಗದರುತ್ತಿದ್ದ ಹಾಗೆಯೇ ನಿಂತಿದ್ದಳು.

“ಕೀಳ್ತಾ ಇಲ್ಲ ಕಣವ್ವ, ನೆಟ್ಟಗೆ ಮಾಡ್ತಿದೀನಿ...”

“ಮುಟ್ಲೇಬೇಡ!”

ಕೈ ತೆಗೆದೆ. ಏನು ಮಾಡುವುದು.